ಬಾಗಿಲಿನ ನೆತ್ತಿ

ಅಪ್ಪಾ,

ನಿನ್ನ ಮೊಮ್ಮಗಳಿಗೆ ಬೇಸಿಗೆ ರಜೆ ಶುರುವಾಗಿ ನಾಲ್ಕು ದಿನವಾಯಿತು. ಅವಳ ಕಾಟ ತಡೆಯಲಾರದೆ, ನೀನು ಹೋದ ಮೇಲೆ ಎತ್ತಿಟ್ಟಿದ್ದ ನಿನ್ನ ಬ್ರಷ್ ಕೊಟ್ಟು, "ನಿನ್ನ ಕೋಣೆ ಬಾಗಿಲಿಗೆ ನೀನೇ ಬಣ್ಣ ಹೊಡಿ" ಅಂದೆ.

ಇವತ್ತು ಮುಗಿಸಿದಳು. ಊಟಕ್ಕೆ ಕರೆದರೆ ಬರಲಿಲ್ಲ; ಸ್ಟೂಲ್ ಹತ್ತಿ ಬಾಗಿಲಿನ ಮೇಲಂಚಿಗೆ ಬ್ರಷ್ ಆಡಿಸುತ್ತಿದ್ದಳು. ನೀನು "ಬಾಗಿಲಿನ ನೆತ್ತಿ" ಎನ್ನುತ್ತಿದ್ದೆಯಲ್ಲ, ಯಾರ ಕಣ್ಣಿಗೂ ಬೀಳದ ಆ ಅಂಚಿಗೆ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅಲ್ಲಿ ಯಾರೇ ನೋಡ್ತಾರೆ?"

"ಬಿಟ್ಟಿದೀನಿ ಅಂತ ನಂಗೆ ಗೊತ್ತಿರತ್ತಲ್ಲಮ್ಮ!"

ಎದೆಯುಬ್ಬಿತು. ಪಕ್ಕದ ಮನೆಯವರನ್ನು ಕರೆದು, "ಪೇಂಟರ್ ಮೊಮ್ಮಗಳು ಕಣ್ರೀ!" ಎಂದು ಜಂಬ ಕೊಚ್ಚಿಕೊಂಡೆ.

ಅವಳ ವಯಸ್ಸಿನಲ್ಲಿ, ಇಂಥದೇ ರಜೆಯಲ್ಲಿ, ನಾನು ಅಡುಗೆಮನೆ ಬಾಗಿಲಿಗೆ ಹಸಿರು ಹೊಡೆದಿದ್ದೆ. ನೆತ್ತಿ ಬಿಟ್ಟೆಯಲ್ಲ ಎಂದು ನೀನು ಕೇಳಿದ್ದಕ್ಕೆ, "ಯಾರ್ ನೋಡ್ತಾರೆ ಬಿಡಪ್ಪ" ಎಂದು ಬ್ರಷ್ ಎಸೆದು ಆಡಲು ಓಡಿದ್ದೆ. ಆಮೇಲೂ ನೀನು ಮನೆಗೆ ಬಂದವರಿಗೆಲ್ಲ ಆ ಬಾಗಿಲು ತೋರಿಸುತ್ತಿದ್ದೆ: "ಪೂರ್ತಿ ನನ್ ಮಗಳದೇ ಕೆಲಸ." ನಾನೂ ಬೀಗುತ್ತಿದ್ದೆ.

ಊಟವಾದ ಮೇಲೆ ಅದೇ ಸ್ಟೂಲ್ ಎಳೆದುಕೊಂಡು ಅಡುಗೆಮನೆ ಬಾಗಿಲಿನ ಹತ್ತಿರ ಹೋದೆ. ಈಗ ಆ ಬಾಗಿಲು ಬಿಳಿ. ನೀನು ಹೋದ ಮೇಲೆ ಕೂಲಿಯವರಿಂದ ಹೊಡೆಸಿದ್ದು. ಅವರೂ ನೆತ್ತಿ ಮುಟ್ಟಿಲ್ಲ. ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಿದೆ. ಅಡಿಯಲ್ಲಿ ಆ ರಜೆಯ ಹಸಿರು, ನುಣ್ಣಗೆ, ಈ ಮೂಲೆಯಿಂದ ಆ ಮೂಲೆಯವರೆಗೆ.

"ಅಮ್ಮಾ, ಅಲ್ಲೇನು ನೋಡ್ತಾ ನಿಂತೆ?"

"ನಿಮ್ಮ ತಾತನ ಕೆಲಸ" ಅಂದೆ. "ನೀನೂ ಹತ್ತು, ಬಾ."