ಒಪ್ಪದವನ ಹೆಸರು

ಕಾಕಾ, ನನ್ನ ಕಾಕಾ,

ಆ ದಿನ ಕಮಲಾಪುರದ ತೋಟದಲ್ಲಿ ನೀನು ಕೆಂಪು ಬಾಳೆಯ ನೆರಳಿಗೆ ಕೂತು ವರದಿಯ ಡ್ರಾಫ್ಟ್ ಓದುತ್ತಿದ್ದೆ. ಸರಕಾರದ ಬಾಹ್ಯಾಕಾಶ ವಿಜ್ಞಾನದ ಯೋಜನೆ ಸರಿಯಿದೆಯೇ ಎಂದು ಹೊರಗಿನವರಾಗಿ ನೋಡಿ ಹೇಳಬೇಕಾದ ತಜ್ಞರ ಸಮಿತಿಯಲ್ಲಿ ನೀನೂ ಒಬ್ಬ. ಕಲಬುರಗಿಯ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವವನನ್ನು ಯಾಕೆ ಕರೆದರು ಎಂದು ನಾನು ಕೇಳಿದ್ದಕ್ಕೆ ನೀನು ಗೊನೆ ತೋರಿಸಿದೆ.

"ಇದು ಕಡೀಲಿಕ್ಕ ಬಂದದೋ ಇಲ್ಲೋ ಅಂತ ನಿಮ್ಮಪ್ಪ ತಾನೇ ಹೇಳ್ತಾನೇನು? ಬಾಜೂ ತೋಟದ ರಸೂಲ್ ಚಾಚಾನ ಕರೀತಾನ. ಬೆಳೆದವಗ ತನ್ನ ಗೊನಿ ಯಾವಾಗಲೂ ಬಲ್ತಂಗ ಕಾಣ್ತದ. ಇದರ ಬಣ್ಣಾ ಬ್ಯಾರೆ ಮೋಸಾ ಮಾಡ್ತದ."

ಚಾಚಾ ಇನ್ನೂ ಆಗಿಲ್ಲ ಅಂದರೆ ಅಪ್ಪ ಗೊಣಗುತ್ತಿದ್ದ. ಆದರೆ ಕುಡುಗೋಲು ಎತ್ತುತ್ತಿರಲಿಲ್ಲ.

ನೀನು ಸಿಟ್ಟಾದದ್ದೂ ಅಲ್ಲೇ. "ಉಪಗ್ರಹ ಮ್ಯಾಲ ಕಳ್ಸೋದು ಎಲ್ಲಾ ಬರ್ದಾರ. ಅದು ಕಳ್ಸಿದ್ದನ್ನ ಕೂತು ಓದೋ ಹುಡುಗರನ್ನ ಎಲ್ಲಿಂದ ತರ್ತಾರ? ಒಂದು ಸಾಲಿಲ್ಲ. ನಾವು ಎಲ್ಲಾ ಛಲೋ ಅದ ಅಂತ ಸೈ ಮಾಡ್ಬೇಕಂತ. ನಾ ಮಾಡಂಗಿಲ್ಲ."

"ಹಂಗಾರ ಬರೆದು ಕಳಿಸು" ಅಂದೆ ನಾನು.

"ಎದುರು ಕೂತು ಹೇಳೋದು ಬಿಟ್ಟು ಹಿಂದಿನಿಂದ ಬರೆದು ಕಳಿಸಿದ್ರ ಚಾಡಿ ಆಗ್ತದವಾ. ಮೀಟಿಂಗಿನಾಗ ಎದ್ದು ಹೇಳ್ತೀನಿ."

ಆ ಮೀಟಿಂಗಿಗೆ ಮೊದಲೇ ನಿನ್ನ ಎದೆ... ಯಾಕೆ ಕಾಕಾ? ನಾಲ್ಕು ಸಾಲು ಬರೆದಿದ್ದರೆ ಏನಾಗುತ್ತಿತ್ತು?

ನಿನ್ನನ್ನು ಮಣ್ಣು ಮಾಡಿದ ವಾರಕ್ಕೆ ಸಮಿತಿಯ ಕಾರ್ಯದರ್ಶಿ ಬೆಂಗಳೂರಿನಿಂದ ಮಾತಾಡಿಸಲು ಬಂದರು. ಎದ್ದು ಹೋಗುವಾಗ ಮೆಲ್ಲಗೆ ಕೇಳಿದರು: "ವರದಿಗೆ ಪ್ರೊಫೆಸರ್ ಒಪ್ಪಿದ್ದರು ಅಂತ ಅವರ ಹೆಸರು ಸೇರಿಸಬಹುದಾ?"

"ಹಾಕ್ರಿ, ಹಾಕ್ರಿ" ಅಂದ ಅಪ್ಪ. "ನನ್ನ ತಮ್ಮ ದೊಡ್ಡೋರ ಮಾತಿಗಿ ಎಂದೂ ಇಲ್ಲ ಅಂದಾವಲ್ಲ."

ಸಾವಿನ ಮನೆಗೆ ಅಷ್ಟು ದೂರದಿಂದ ಬಂದವರಿಗೆ ಇಲ್ಲ ಅನ್ನುವುದು ಅಪ್ಪನಿಗೆ ಗೊತ್ತೇ ಇಲ್ಲವಲ್ಲ. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ತಟ್ಟೆ ತಿರುಗಿ ಒಳಗೆ ಒಯ್ದೆ. ಮರುದಿನ ಅಪ್ಪ ನಿನ್ನ ಫೋಟೋದ ಪಕ್ಕ ಇನ್ನೊಂದು ಮೊಳೆ ಹೊಡೆದ. ನಿನ್ನ ಹೆಸರಿರುವ ಹಾಳೆಗೆ ಕಟ್ಟು ಹಾಕಿಸುತ್ತಾನಂತೆ.

ನಿನ್ನೆ ಕಲಬುರಗಿಯ ಫಿಸಿಕ್ಸ್ ಕ್ಲಾಸಿನಲ್ಲಿ ಬೋರ್ಡಿನ ತುಂಬ ಸಮೀಕರಣ, ಕಿವಿ ತುಂಬ ಇಂಗ್ಲಿಷ್. ಹಾಸ್ಟೆಲಿನಲ್ಲಿ ಕಲಿತ ನನ್ನ ಅರ್ಧ ಇಂಗ್ಲಿಷ್ 'ಯೆಸ್ ಸರ್' ಅನ್ನುವುದರೊಳಗೆ ಮುಗಿದುಹೋಗುತ್ತದೆ. ಮುಳುಗುತ್ತಿದ್ದೇನೆ ಕಾಕಾ. ಆಕಾಶದಿಂದ ಬಂದದ್ದನ್ನು ಕೂತು ಓದುವ ಹುಡುಗರು ಅಂದೆಯಲ್ಲ, ನನ್ನಂಥವಳನ್ನೂ ಸೇರಿಸಿಯೇ ಹೇಳಿದ್ದೆಯಾ? ಈಗ ಯಾರನ್ನು ಕೇಳಲಿ?

ಕ್ಲಾಸು ಬಿಟ್ಟವಳೇ ಸೇಡಂ ರಸ್ತೆಯ ಎಸ್‌ಟಿಡಿ ಬೂತಿಗೆ ಹೋದೆ. ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದೆ. ಕಾರ್ಯದರ್ಶಿಯ ದನಿ ಕೇಳಿದ್ದೇ ಎಲ್ಲ ಮರೆತು, "ಸರ್, ಕಾಕಾ ಒಪ್ಪಿದ್ದಿಲ್ಲರಿ" ಅಂದೆ.

ಅತ್ತಲಿಂದ ಅವರು ಅಂದರು: "ಅವರು ಬರೆದು ಕೊಟ್ಟಿದ್ದರೆ ಭಿನ್ನಮತ ಅಂತ ಅಚ್ಚು ಹಾಕ್ತಿದ್ವಿ. ಈಗ ಎರಡೇ ದಾರಿ ಅಮ್ಮಾ. ಒಪ್ಪಿದರು ಅಂತ ಹೆಸರಿರಬೇಕು, ಇಲ್ಲಾ ಹೆಸರೇ ಇರಬಾರದು. ನಾಳೆ ಅಚ್ಚಿಗೆ ಹೋಗುತ್ತೆ."

"ಜಲ್ದಿ ಮುಗಸವಾ, ಫೋನ್ ಕೂಡಾನೇ ಲಗ್ನ ಆಗಿಯೇನು?" ಹಿಂದಿನಿಂದ ಯಾರೋ ಕೂಗಿದರು. ನನಗೆ ಅಳು. ಅಪ್ಪನ ಮೊಳೆ ಕಣ್ಣಿಗೆ ಕಟ್ಟುತ್ತಿತ್ತು. ತೋಟದಲ್ಲಿ ಕೂತ ನೀನೂ.

ನಾಳೆ ಬಸ್ಸಿಗೆ ಕಮಲಾಪುರಕ್ಕೆ ಹೋಗುತ್ತೇನೆ. ರಸೂಲ್ ಚಾಚಾನನ್ನು ಕರೆದು ಅಪ್ಪನ ಬಾಜೂ ಕೂರಿಸಿಕೊಂಡೇ ಹೇಳುತ್ತೇನೆ. ಅವರ ಮಾತಾದರೂ ಕೇಳಿಯಾನು. ಕೇಳದಿದ್ದರೆ... ಗೊತ್ತಿಲ್ಲ. ಎದುರು ಕೂತು ಮಾತ್ರ ಹೇಳುತ್ತೇನೆ, ನಿನ್ನಾಣೆ.

ವರದಿಯಲ್ಲಿ ನಿನ್ನ ಹೆಸರಿಲ್ಲ ಕಾಕಾ. ನಾನೇ ತೆಗೆಸಿದೆ.