ನಿಮ್ಮ ಹೆಸರಿನ ಚಟಾಕಿ

ಪ್ರಿಯ ಆಂಬ್ರೋಸ್,

ನೀವು ತೀರಿಕೊಂಡು ವರ್ಷವಾಯಿತೆಂದು ಇಂದು ಲೇಡಿ ಬ್ರಾಂಡನ್ ನನ್ನನ್ನು ಚಹಾಕ್ಕೆ ಕರೆದಿದ್ದಳು. "ವಿರೋಧ ಪಕ್ಷವನ್ನು ಪೂರ್ತಿ ಸೋಲಿಸಬೇಡಿ, ಆಮೇಲೆ ನಮ್ಮವರೇ ನಮ್ಮ ಮೇಲೆ ಬೀಳ್ತಾರೆ" ಎಂದು ನೀವು ಪಾರ್ಲಿಮೆಂಟಿನಲ್ಲಿ ಆಡಿದ ಮಾತು ಲಂಡನ್ನಿಗೆಲ್ಲ ಬಾಯಿಪಾಠವಾಗಿದೆಯಲ್ಲ?

"ಅದನ್ನ ಮೊದಲು ಹೇಳಿದ್ದು ನನಗೆ, ಇದೇ ಕುರ್ಚೀಲಿ ಕೂತು," ಎಂದಳು. ಆಮೇಲೆ ಚಹಾಕ್ಕೆ ಬಂದಿದ್ದ ಎಲ್ಲರೆದುರು ನನ್ನತ್ತ ತಿರುಗಿ, "ಮನೇಲಿ ಹೆಂಡತಿಗೆ ಏನೇನು ಹೇಳ್ತಿದ್ರು, ಹೇಳ್ರೀ!" ಎಂದಳು.

ಮನೆಯಲ್ಲಿ ನೀವು ಬಾಯಿ ಬಿಡುತ್ತಿದ್ದದ್ದು ಮೊಟ್ಟೆ ಸರಿಯಾಗಿ ಬೆಂದಿಲ್ಲ ಎನ್ನಲು ಮಾತ್ರ. ನನಗೆ ಹೊಟ್ಟೆ ಉರಿಯಿತು.

"ಮತ ಹಾಕೋ ಹಕ್ಕಿಲ್ಲದ ಹೆಂಗಸಿನ ಮುಂದೆ ಯಾಕೆ ಮಾತು ಖರ್ಚು ಮಾಡಲಿ, ಅಂತಿದ್ರು," ಎಂದು ಅಲ್ಲೇ ಒಂದು ಸುಳ್ಳು ಹುಟ್ಟಿಸಿದೆ.

"ಅವರದೇ ವರಸೆ!" ಎಂದು ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು.

ಅವಳಿಗೂ ಮತದ ಹಕ್ಕಿಲ್ಲ, ಆಂಬ್ರೋಸ್.