ದಿಂಬಿನ ಮೇಲೆ ಸರ್ಕಾರ

ಮಾರ್ಚ್ 3, ಬೆಳಿಗ್ಗೆ 9

ಸಮಸ್ತ ಲೋಕಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ — ಇಂದು ನಾನು ಸತತ ಹದಿನಾರು ಸಲ ಸೀನಿದೆ. ಹಿಂದಿನ ದಾಖಲೆ ಹದಿಮೂರು. ಅರಳೆ ಬಿಡಿಸುವವರ ಕುಲಕ್ಕೇ ಹೆಮ್ಮೆ.

ಆಮೇಲೆ ಎಂದಿನಂತೆ. ಅರಳೆ ಬಿಡಿಸು, ಗವಸಿಗೆ ತುಂಬು, ಬಾಯಿ ಹೊಲಿ. ಬಿಸಿಲು ಬಿದ್ದರೆ ಕೋಣೆಯೆಲ್ಲ ಮೋಡದೊಳಗೆ ಕೂತಂತೆ. ಅತ್ತೆ ಆ ಕಡೆ ಮಸುಕಾಗಿ ಕಾಣುತ್ತಾರೆ. ಕೂಗಿದರೆ ದನಿಯೂ ಮೆತ್ತಗೆ ಬರುತ್ತದೆ. ಏಳು ವರ್ಷದಿಂದ ದಿಂಬು ಮಾಡುವವಳು ನಾನು. ಬೀದಿಯವರಿಗೆ ಮಾತ್ರ ಇದು 'ಯಜಮಾನರ ಅಂಗಡಿ'. ಯಜಮಾನರೆಂದರೆ ಭಾವ, ನನ್ನ ಗಂಡನ ಅಣ್ಣ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು ಅವರ ಉದ್ಯೋಗ.

ಮಾರ್ಚ್ 5

ಸರ್ಕಾರಕ್ಕೆ ನನ್ನ ನೆನಪಾಗಿದೆ! ಹೆಂಗಸರು ಮಾಡಿದ ಸರಕನ್ನು ಹೊರದೇಶಕ್ಕೆ ಕಳಿಸುವ ಯೋಜನೆಯಂತೆ. ಅರ್ಜಿ ಹಾಕಿದೆ. ಇನ್‌ಸ್ಪೆಕ್ಟರ್ ಬಂದಾಗ ಮಾಲೀಕಳೇ ಉತ್ತರ ಹೇಳಬೇಕು. ಅವರ ವರದಿ 14ರ ಸಂಜೆ ಐದರೊಳಗೆ ಹೋಗಬೇಕು. ತಪ್ಪಿದರೆ ಮುಂದಿನ ವರ್ಷವೇ.

"ನೀನೇನೂ ಹೆದರ್ಬೇಡಮ್ಮ," ಅಂದರು ಭಾವ. "ಉತ್ತರ ಎಲ್ಲಾ ನಾನ್ ಹೇಳ್ತೀನಿ."

"ಮಾಲೀಕಳೇ ಹೇಳ್ಬೇಕಂತೆ ಭಾವ."

"ಹೇಳು, ಯಾರ್ ಬೇಡ ಅಂದ್ರು? ನಾನ್ ಹೇಳಿದ್ ಮೇಲೆ ಹೇಳು."

ಮಾರ್ಚ್ 6

ಕನಸು. ಸಮುದ್ರದ ಮೇಲೆ ನನ್ನ ದಿಂಬುಗಳು ಬಿಳೀ ಬಾತುಗಳ ಹಾಗೆ ಸಾಲಾಗಿ ತೇಲಿ ಹೋಗುತ್ತಿದ್ದವು. ಆಚೆ ದಡದಲ್ಲಿ ಮುದುಕಿಯೊಬ್ಬಳು ಒಂದನ್ನು ಎತ್ತಿಕೊಂಡಳು, ಕೆನ್ನೆಗೆ ಒತ್ತಿಕೊಂಡಳು. ಯಾರು ಮಾಡಿದ್ದು, ಅಂತ ಕೇಳಿದಳು. ಬಾಯಿ ತೆರೆದೆ. ಬಾಯಿ ತುಂಬ ಅರಳೆ…

ಮಾರ್ಚ್ 14, ಸಂಜೆ 6

ಇನ್‌ಸ್ಪೆಕ್ಟರ್ ಬಂದದ್ದು ಇಂದು, ಕೊನೇ ದಿನ, ಮೂರೂವರೆಗೆ. ಹೆಂಗಸು. ಬೆಳಿಗ್ಗೆಯಿಂದ ಹನ್ನೊಂದು ಕಡೆ ಸುತ್ತಿದ್ದರಂತೆ. ಚಪ್ಪಲಿ ಕಳಚಿದಾಗ ಊದಿದ ಪಾದ ನೋಡಿಯೇ ನಂಬಿದೆ. ಮೊದಲು ಮಾಲಿನ ಪರೀಕ್ಷೆ ಎಂದು ಚಾಪೆಯ ಮೇಲಿನ ದಿಂಬಿಗೆ ತಲೆಯಿಟ್ಟರು. ಒಂದು ನಿಮಿಷ, ಅಂದರು. ಅಷ್ಟೇ. ಸರ್ಕಾರ ಗೊರಕೆ ಹೊಡೆಯಿತು.

ನಾಲ್ಕಾಯಿತು. ನಾಲ್ಕೂಕಾಲು.

"ಪಾಪ, ಮಲ್ಕೊಳ್ಲಿ ಬಿಡು," ಎಂದು ಅತ್ತೆ ಫ್ಯಾನ್ ಬೇರೆ ಹಾಕಿದರು.

"ಎಬ್ಬಿಸ್ಲಾ ಭಾವ?"

"ತಲೆ ಕೆಟ್ಟಿದ್ಯಾ? ಆಫೀಸರ್ ನಿದ್ದೆ ಕೆಡಿಸಿದ್ರೆ ಅರ್ಜಿ ಹರ್ದ್ ಬಿಸಾಕ್ತಾರೆ."

ನಾಲ್ಕೂವರೆಗೆ ಭಾವನಿಗೆ ಜ್ಞಾನೋದಯ. ವರದಿ ಇರುವುದು ಆಕೆಯ ಫೋನಿನಲ್ಲಿ. ಫೋನು ತೆರೆಯುವುದು ಆಕೆಯ ಹೆಬ್ಬೆರಳಿಗೆ. ಹೆಬ್ಬೆರಳೋ, ದಿಂಬಿನಂಚಿನಲ್ಲಿ ತಾನಾಗಿಯೇ ಚಾಚಿಕೊಂಡಿದೆ. ಭಾವ ಫೋನು ಎತ್ತಿಕೊಂಡರು.

"ಮೆಲ್ಲಗೆ ಒತ್ತಿಸ್ಬಿಡೋಣ. ಉತ್ತರ ನಾನ್ ತುಂಬ್ತೀನಿ. ಅವ್ರಿಗೂ ನಿದ್ದೆ, ನಮಗೂ ನೆಮ್ಮದಿ."

ಸುಳ್ಳೇಕೆ ಹೇಳಲಿ, ನಾನೂ ಆ ಹೆಬ್ಬೆರಳನ್ನೇ ನೋಡಿದೆ. ಕೋಣೆಯಲ್ಲಿ ಅರಳೆ ತೇಲುತ್ತಿತ್ತು. ಏನು ಮಾಡಿದರೂ ಸರಿ ಅನ್ನಿಸುವಷ್ಟು ಮೆತ್ತಗಿತ್ತು ಹೊತ್ತು. ಆಮೇಲೆ ಹೊಳೆಯಿತು — ಹೀಗೆ ಹೋದರೆ ನನ್ನ ದಿಂಬು ಸಮುದ್ರ ದಾಟಿದರೂ, ಯಾರು ಮಾಡಿದ್ದು ಎಂಬುದಕ್ಕೆ ಉತ್ತರ ಭಾವನ ಬಾಯಿಂದಲೇ.

ಫೋನು ಕಿತ್ತುಕೊಂಡೆ. ಹೌದು, ಭಾವನ ಕೈಯಿಂದ! ಮೇಡಂ ಭುಜ ಅಲುಗಿಸಿದೆ.

"ಮೇಡಂ, ಏಳಿ. ಐದಾಗ್ತಾ ಬಂತು."

ಕಣ್ಣು ಬಿಟ್ಟರು. ಯಾವ ಲೋಕವೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. "ಯಾರ್ರೀ ಇಲ್ಲಿ ಮಾಲೀಕ್ರು?"

ಭಾವ ಬಾಯಿ ತೆರೆದರು.

"ನಾನು," ಅಂದೆ.

ಇಪ್ಪತ್ತು ಪ್ರಶ್ನೆ. ಇಪ್ಪತ್ತಕ್ಕೂ ನಾನೇ. ಕೊನೆಯ ಸಾಲು ಮೇಡಂ ತುಂಬುವಂಥದ್ದು: ಮಾಲಿನಲ್ಲಿ ಕಂಡ ದೋಷ. 'ಏಳಲು ಮನಸ್ಸು ಬರುವುದಿಲ್ಲ' ಎಂದು ಬರೆದರು. ನಾಲ್ಕು ಐವತ್ತೆಂಟಕ್ಕೆ ಹೆಬ್ಬೆರಳು ಒತ್ತಿತು. ಪೂರ್ತಿ ಎಚ್ಚರದಲ್ಲಿ.

ಏಪ್ರಿಲ್ 22

ಪತ್ರ ಬಂತು. ನನ್ನ ಹೆಸರಿಗೆ! ಇನ್ನೂರು ದಿಂಬು. ಮುಂದಿನ ತಿಂಗಳ ಕೊನೆಗೆ ಹಡಗು.

ಫೋನು ಕಿತ್ತುಕೊಂಡ ದಿನದಿಂದ ಭಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಇಂದು ಬಾಗಿಲಲ್ಲಿ ಗಿರಾಕಿಯೊಬ್ಬ ರೇಟು ಕೇಳಿದ. ಪೇಪರಿನಿಂದ ತಲೆಯೆತ್ತದೆ, "ನನ್ನೇನ್ ಕೇಳ್ತೀರಿ? ಒಳಗೆ ಮಾಲೀಕ್ರಿದಾರೆ, ಕೇಳಿ," ಅಂದರು. ಮುನಿಸಿನಲ್ಲೇ ಅಂದದ್ದು. ಇರಲಿ, ಸರಿಯಾಗಿಯೇ ಅಂದರು.

ಮೇ 9, ಮಧ್ಯಾಹ್ನ

ನೂರಾ ಮೂವತ್ತೊಂದನೆಯದು. ಒಂದು ಕೈಯಲ್ಲಿ ಪೆನ್ನು, ಇನ್ನೊಂದು ಮೊಣಕೈವರೆಗೂ ಗವಸಿನೊಳಗೆ. ಗಾಳಿ ಎದ್ದಿದೆ, ಅರಳೆಯೆಲ್ಲ ಬೀದಿಗೆ ಹೊರಟಿದೆ. ಈ ಡೈರಿಗೆ ಓದುಗರಿಲ್ಲ, ಗೊತ್ತು. ಅಕಸ್ಮಾತ್ ಯಾರಾದರೂ ಇದ್ದರೆ, ದಯವಿಟ್ಟು ಆ ಕಿಟಕಿ ಒಂಚೂರು ಮುಂದೆ ಹಾಕ್ತೀರಾ? ಚಿಲಕ ಸ್ವಲ್ಪ ಬಿಗಿ, ಮೇಲಕ್ಕೆತ್ತಿ—